ನೌಶೇರಾದ ಸಿಂಹ ಬ್ರಿಗೇಡಿಯರ್ ಮುಹಮ್ಮದ್ ಉಸ್ಮಾನ್



ನಸುಕಿನಲ್ಲಿ ಎದ್ದು ಊರ ಹೊರಗಿನ ಡಾಂಬರು ರಸ್ತೆಯ ಮೇಲೆ ಓಡುವ ಹುಡುಗರನ್ನು ನೀವು ನೋಡಿರುತ್ತೀರಿ. ನವಲಗುಂದ, ಅಣ್ಣಿಗೇರಿ, ಕುಂದಗೋಳ, ಕಲಘಟಗಿ ಎಲ್ಲ ಕಡೆಯೂ ಈ ನೋಟವಿದೆ. ಸೈನ್ಯದ ಭರತಿ ಬಂತೆಂದರೆ ಇವರಲ್ಲಿ ಅನೇಕರ ಕಣ್ಣು ಬೆಳಗಾವಿಯ ಕಡೆಗೆ. ಅಲ್ಲಿ 1922ರಿಂದ ಮರಾಠಾ ಲಘು ಪದಾತಿ ದಳದ ತರಬೇತಿ ಕೇಂದ್ರವಿದೆ. ಆ ದಳದ ಮೂರನೆಯ ಬಟಾಲಿಯನ್ ಒಂದು ಕಾಲಕ್ಕೆ ವಿಮಾನದಿಂದ ಜಿಗಿಯುವ ಪ್ಯಾರಾಚೂಟ್ ಪಡೆಯಾಗಿತ್ತು. ಸ್ವತಂತ್ರ ಭಾರತದ ಮೊದಲ ಯುದ್ಧದಲ್ಲಿ ಆ ಬಟಾಲಿಯನ್ನು ಕಾಶ್ಮೀರದ ಬೆಟ್ಟಗಳಲ್ಲಿ ಹೋರಾಡಿತು. ಆಗ ಅದು ಯಾರ ಕೈಕೆಳಗೆ ಹೋರಾಡಿತು ಎಂದು ಕೇಳಿದರೆ, ಓಡುವ ಹುಡುಗರಿರಲಿ, ಅವರಿಗೆ ಪಾಠ ಹೇಳುವ ನಮ್ಮಂಥವರೂ ತಲೆ ಕೆರೆದುಕೊಳ್ಳುತ್ತೇವೆ. ಆ ಸೇನಾನಿಯ ಹೆಸರು ಬ್ರಿಗೇಡಿಯರ್ ಮುಹಮ್ಮದ್ ಉಸ್ಮಾನ್. ಈ ಸಂಚಿಕೆಯಲ್ಲಿ ಅವರ ಬದುಕನ್ನೂ ಅವರ ಸೈನಿಕರ ಪಾಡನ್ನೂ ನಿಮ್ಮ ಮುಂದೆ ಇಡಬೇಕೆಂದು ನನ್ನ ಬಯಕೆ.

ಉಸ್ಮಾನ್ ಸಾಹೇಬರು ಹುಟ್ಟಿದ್ದು 1912ರ ಜುಲೈ 15ರಂದು, ಆಗಿನ ಸಂಯುಕ್ತ ಪ್ರಾಂತ್ಯದ ಆಜಮ್‌ಗಢ ಜಿಲ್ಲೆಯ ಬೀಬೀಪುರ ಎಂಬ ಹಳ್ಳಿಯಲ್ಲಿ. ಆ ಊರು ಈಗ ಉತ್ತರ ಪ್ರದೇಶದ ಮವೂ ಜಿಲ್ಲೆಗೆ ಸೇರಿದೆ. ತಂದೆ ಖಾಜಿ ಮುಹಮ್ಮದ್ ಫಾರೂಕ್ ಪೊಲೀಸ್ ಅಧಿಕಾರಿ. ಬನಾರಸದ ಕೋತ್ವಾಲರಾಗಿದ್ದವರು, ಸರಕಾರದಿಂದ ಖಾನ್ ಬಹಾದ್ದೂರ್ ಪದವಿ ಪಡೆದವರು. ತಾಯಿ ಜಮೀಲುನ್ ಬೀಬಿ. ಮನೆಯಲ್ಲಿ ಮೂವರು ಹೆಣ್ಣುಮಕ್ಕಳು, ಮೂವರು ಗಂಡುಮಕ್ಕಳು. ಉಸ್ಮಾನರ ಓದು ಬನಾರಸದ ಹರಿಶ್ಚಂದ್ರ ಶಾಲೆಯಲ್ಲಿ ನಡೆಯಿತು. ಹನ್ನೆರಡು ವರ್ಷದವರಿದ್ದಾಗ ಬಾವಿಯ ಹತ್ತಿರ ಜನ ಗುಂಪುಗೂಡಿದ್ದನ್ನು ಕಂಡು ಅಲ್ಲಿಗೆ ಹೋದರಂತೆ. ಒಳಗೆ ಮಗುವೊಂದು ಮುಳುಗುತ್ತಿತ್ತು. ಸುತ್ತ ನಿಂತ ದೊಡ್ಡವರು ಏನು ಮಾಡುವುದೆಂದು ಮಾತಾಡಿಕೊಳ್ಳುತ್ತಿರುವಾಗಲೇ ಈ ಹುಡುಗ ಬಾವಿಗೆ ಹಾರಿ ಮಗುವನ್ನು ಉಳಿಸಿದ. ದೊಡ್ಡವರ ಚರಿತ್ರೆಗಳಲ್ಲಿ ಇಂಥ ಬಾಲ್ಯದ ಕಥೆಗಳು ಸಾಮಾನ್ಯವಾಗಿ ಆಮೇಲೆ ಸೇರಿಕೊಳ್ಳುತ್ತವೆ. ಆದರೆ ಈ ಕಥೆ ಅವರ ಬಗ್ಗೆ ಬರೆದ ಸೈನ್ಯದವರ ಬರಹಗಳಲ್ಲೆಲ್ಲ ಬರುತ್ತದೆ. ಮುಂದೆ ಅವರು ನಡೆದುಕೊಂಡ ರೀತಿಯನ್ನು ನೋಡಿದರೆ ನಂಬದಿರಲು ಕಾರಣವೂ ಕಾಣುವುದಿಲ್ಲ.

ಅವರಿಗೆ ಮಾತಿನಲ್ಲಿ ತೊದಲು ಇತ್ತು. ಮಗ ದೊಡ್ಡ ಸರಕಾರಿ ಹುದ್ದೆಗೆ ಹೋಗಲಿ ಎಂಬುದು ತಂದೆಯ ಆಸೆ. ಅದಕ್ಕಾಗಿ ತಮ್ಮ ಮೇಲಧಿಕಾರಿಯಾದ ಇಂಗ್ಲಿಷ್ ಸಾಹೇಬನ ಬಳಿ ಮಗನನ್ನು ಕರೆದುಕೊಂಡು ಹೋದರು. ಆ ಸಾಹೇಬನಿಗೂ ತೊದಲು! ಅವನು ತೊದಲುತ್ತ ಪ್ರಶ್ನೆ ಕೇಳಿದ, ಹುಡುಗ ತೊದಲುತ್ತ ಉತ್ತರ ಕೊಟ್ಟ. ತನ್ನನ್ನೇ ಅಣಕಿಸುತ್ತಿದ್ದಾನೆಂದು ಸಾಹೇಬ ಕೆರಳಿದ. ಅಲ್ಲಿಗೆ ತಂದೆಯ ಆಸೆ ಮುಗಿಯಿತು ಎಂದು ಹೇಳುತ್ತಾರೆ. ತರಗತಿಯಲ್ಲಿ ಎದ್ದುನಿಂತು ಉತ್ತರ ಹೇಳಲು ಬಾಯಿ ಬಾರದೆ ಕಣ್ಣೀರು ಹಾಕುವ ಮಕ್ಕಳು ನಮ್ಮ ಶಾಲೆಗಳಲ್ಲೂ ಇದ್ದಾರೆ. ಅವರಿಗೆ ಈ ಪ್ರಸಂಗವನ್ನು ನೀವು ಹೇಳಬಹುದು. ಯಾಕೆಂದರೆ ಈ ತೊದಲು ಮಾತಿನ ಹುಡುಗ ತನ್ನಷ್ಟಕ್ಕೆ ಸೈನ್ಯಕ್ಕೆ ಅರ್ಜಿ ಹಾಕಿ 1932ರಲ್ಲಿ ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟ್ ಸೈನಿಕ ಕಾಲೇಜಿಗೆ ಆಯ್ಕೆಯಾದ. ಅದೇ ವರ್ಷ ಡೆಹರಾಡೂನಿನಲ್ಲಿ ನಮ್ಮ ಸೈನಿಕ ಅಕಾಡೆಮಿ ತೆರೆದದ್ದರಿಂದ ಸ್ಯಾಂಡ್‌ಹರ್ಸ್ಟಿಗೆ ಭಾರತೀಯರು ಹೋದ ಕೊನೆಯ ತಂಡ ಅದೇ ಆಯಿತು.

1934ರ ಫೆಬ್ರವರಿ 1ರಂದು ಅವರು ಅಧಿಕಾರಿಯಾದರು. ಆಗಿನ ಪದ್ಧತಿಯಂತೆ ಮೊದಲ ವರ್ಷ ಬ್ರಿಟಿಷ್ ಪಲ್ಟನ್ನಿನಲ್ಲಿ ಕಳೆದು, 1935ರಲ್ಲಿ ಹತ್ತನೆಯ ಬಲೂಚ್ ರೆಜಿಮೆಂಟಿನ ಐದನೆಯ ಬಟಾಲಿಯನ್ ಸೇರಿದರು. ಅದೇ ವರ್ಷ ವಾಯವ್ಯ ಗಡಿಯ ಮೊಹಮಂದ್ ಕಾರ್ಯಾಚರಣೆಯಲ್ಲಿ ಬೆಟ್ಟದ ಯುದ್ಧ ಎಂದರೇನೆಂದು ಕಲಿತರು. 1942ರಲ್ಲಿ ಕ್ವೆಟ್ಟಾದ ಸ್ಟಾಫ್ ಕಾಲೇಜು, ನಂತರ ಬರ್ಮಾ ರಣರಂಗ. 1945ರ ಏಪ್ರಿಲ್‌ನಿಂದ ಒಂದು ವರ್ಷ ಹದಿನಾರನೆಯ ಬಲೂಚ್ ಬಟಾಲಿಯನ್ನಿನ ಕಮಾಂಡರ್. ಇಷ್ಟು ಹೇಳಿ ಈ ಭಾಗವನ್ನು ಮುಗಿಸುತ್ತೇನೆ. ನಾವು ತಿಳಿಯಬೇಕಾದ ಉಸ್ಮಾನ್ ಸಾಹೇಬರು 1947ರ ನಂತರದವರು.

ಅದಕ್ಕೂ ಮುಂಚೆ ಅವರ ಕೈಗೆ ಬಂದ ಪ್ಯಾರಾಚೂಟ್ ಪಡೆಯ ಹಿನ್ನೆಲೆಯನ್ನು ನೀವು ತಿಳಿದಿರಬೇಕು. ಎರಡನೆಯ ಮಹಾಯುದ್ಧದಲ್ಲಿ ಜರ್ಮನರು ವಿಮಾನದಿಂದ ಸೈನಿಕರನ್ನು ಇಳಿಸಿ ಊರುಗಳನ್ನು ಹಿಡಿದದ್ದನ್ನು ಕಂಡ ಬ್ರಿಟಿಷರು 1941ರ ಅಕ್ಟೋಬರಿನಲ್ಲಿ ದಿಲ್ಲಿಯಲ್ಲಿ 50ನೆಯ ಪ್ಯಾರಾಚೂಟ್ ಬ್ರಿಗೇಡ್ ಕಟ್ಟಿದರು. ಅದರಲ್ಲಿ ಮೂರು ಬಟಾಲಿಯನ್ನುಗಳು. ಒಂದು ಬ್ರಿಟಿಷರದು, ಒಂದು ಭಾರತೀಯರದು, ಒಂದು ಗೂರ್ಖಾಗಳದು. ಭಾರತೀಯರಲ್ಲಿ ಮೊದಲು ಜಿಗಿದವರು ಇಬ್ಬರು. ಒಬ್ಬರು ಸೈನ್ಯದ ವೈದ್ಯ ಲೆಫ್ಟಿನೆಂಟ್ ಎ.ಜಿ. ರಂಗರಾಜ್, ಇನ್ನೊಬ್ಬರು ಹವಾಲ್ದಾರ್ ಮೇಜರ್ ಮಥುರಾ ಸಿಂಗ್.

ಆದರೆ ವಿಚಿತ್ರ ನೋಡಿ. ಆಕಾಶದಿಂದ ಇಳಿಯಲೆಂದು ತಾಲೀಮು ಪಡೆದ ಈ ಬ್ರಿಗೇಡ್ ತನ್ನ ದೊಡ್ಡ ಯುದ್ಧಗಳನ್ನು ನೆಲದ ಮೇಲೆ ಕಾಲೂರಿಯೇ ಮಾಡಿತು. 1944ರ ಮಾರ್ಚ್‌ನಲ್ಲಿ ಜಪಾನಿ ಸೈನ್ಯ ಮಣಿಪುರದೊಳಗೆ ನುಗ್ಗಿತು. ಕೊಹಿಮಾದ ಕಡೆ ಹೊರಟ ಒಂದು ಇಡೀ ಡಿವಿಷನ್ನಿನ ದಾರಿಗೆ ಈ ಬ್ರಿಗೇಡ್ ಅಡ್ಡ ಬಂದದ್ದು ಸಾಂಗ್‌ಶಾಕ್ ಎಂಬ ಗುಡ್ಡದ ಹಳ್ಳಿಯಲ್ಲಿ. ಮುಳ್ಳುತಂತಿ ಇರಲಿಲ್ಲ. ನೆಲ ಕಲ್ಲಾಗಿದ್ದರಿಂದ ಆಳವಾದ ಕಂದಕ ತೋಡಲು ಆಗಲಿಲ್ಲ. ಕುಡಿಯುವ ನೀರಿಗೆ ತತ್ವಾರ. ವಿಮಾನಗಳು ಮೇಲಿನಿಂದ ಹಾಕಿದ ಮದ್ದುಗುಂಡು, ಆಹಾರದ ಬಹುಪಾಲು ಗಾಳಿಗೆ ಸರಿದು ಜಪಾನಿಯರ ಕೈಗೆ ಸೇರಿತು. ಪ್ಯಾರಾಚೂಟ್ ಸೈನಿಕರು ತಮಗೆ ಬರಬೇಕಾದ ಪ್ಯಾರಾಚೂಟುಗಳು ವೈರಿಯ ಕಡೆ ಇಳಿಯುವುದನ್ನು ನೋಡುತ್ತ ಕುಳಿತ ಸ್ಥಿತಿ ಅದು. ಹಾಗಿದ್ದೂ ಹಲವು ದಿನ ಹಗಲುರಾತ್ರಿ ಕಾದಾಡಿ, ಮಾರ್ಚ್ 26ರ ರಾತ್ರಿ ಗಾಯಾಳುಗಳನ್ನು ಹೊತ್ತು ಕಾಡಿನೊಳಗಿಂದ ಹೊರಬಂದರು. ನೂರಾರು ಜನ ಸತ್ತರು, ಗಾಯಗೊಂಡರು. ಅವರು ತಡೆದ ಆ ಕೆಲವೇ ದಿನಗಳಲ್ಲಿ ಇಂಫಾಲ, ಕೊಹಿಮಾಗಳಿಗೆ ಸಹಾಯ ಬರಲು ಸಮಯ ಸಿಕ್ಕಿತು.

1945ರ ಮಾರ್ಚ್ 1ರಂದು ಭಾರತೀಯ ಪ್ಯಾರಾಚೂಟ್ ರೆಜಿಮೆಂಟ್ ಎಂಬ ಪ್ರತ್ಯೇಕ ದಳ ಹುಟ್ಟಿತು. ಮರುವರ್ಷವೇ ಅದನ್ನು ಮುರಿದು, ಬೇರೆ ಬೇರೆ ರೆಜಿಮೆಂಟುಗಳ ಒಂದೊಂದು ಬಟಾಲಿಯನ್ನಿಗೆ ಜಿಗಿಯುವ ಕೆಲಸ ಕೊಟ್ಟರು. ಬೆಳಗಾವಿಯ ಮರಾಠಾ ದಳದ ಮೂರನೆಯ ಬಟಾಲಿಯನ್ನು ಪ್ಯಾರಾಚೂಟ್ ಪಡೆಯಾದದ್ದು ಹಾಗೆ.

ಇನ್ನು 1947. ದೇಶ ಒಡೆದಾಗ ಸೈನ್ಯವೂ ಒಡೆಯಿತು. ಮೇಜು, ಕುರ್ಚಿ, ಬಂದೂಕುಗಳಂತೆ ಪಲ್ಟನ್ನುಗಳನ್ನೂ ಹಂಚಿದರು. ಬಲೂಚ್ ರೆಜಿಮೆಂಟ್ ಪಾಕಿಸ್ತಾನದ ಪಾಲಿಗೆ ಹೋಯಿತು. ಹನ್ನೆರಡು ವರ್ಷ ಒಂದೇ ರೆಜಿಮೆಂಟಿನಲ್ಲಿ ಇದ್ದವನಿಗೆ ಅದು ಮನೆ ಇದ್ದಂತೆ. ಅಲ್ಲಿಯ ಜವಾನರ ಹೆಸರು, ಅವರ ಊರು, ಮನೆಯ ಕಷ್ಟಸುಖ ಎಲ್ಲ ಗೊತ್ತಿರುತ್ತದೆ. ಆ ಮನೆಯೇ ಆ ಕಡೆ ಹೊರಟಿತ್ತು. ಹಿರಿಯ ಮುಸ್ಲಿಂ ಅಧಿಕಾರಿಗಳು ಕೈಬೆರಳೆಣಿಕೆಯಷ್ಟೇ ಇದ್ದುದರಿಂದ ಉಸ್ಮಾನ್ ಸಾಹೇಬರ ಮೇಲೆ ಒತ್ತಡ ಸಣ್ಣದಾಗಿರಲಿಲ್ಲ. ಸ್ವತಃ ಜಿನ್ನಾ ಮತ್ತು ಲಿಯಾಖತ್ ಅಲಿ ಖಾನ್ ಅವರು ಆಹ್ವಾನಿಸಿದರು, ಮುಂದೆ ಪಾಕಿಸ್ತಾನದ ಸೇನಾ ಮುಖ್ಯಸ್ಥನ ಸ್ಥಾನದ ಭರವಸೆಯನ್ನೂ ಕೊಟ್ಟರು ಎಂಬುದು ಎಲ್ಲೆಡೆ ದಾಖಲಾಗಿರುವ ವಿಷಯ. ಆಗ ಅವರಿಗೆ ಮೂವತ್ತೈದು ವರ್ಷ. ಅವರು ಹೋಗಲಿಲ್ಲ.

ಓದುಗರೆ, ಇಲ್ಲಿ ಸ್ವಲ್ಪ ನಿಲ್ಲಿ. ಈ ನಿರ್ಧಾರವನ್ನು ಇಂದು ಒಂದು ಸಾಲಿನಲ್ಲಿ ಬರೆದುಬಿಡುತ್ತೇವೆ. ಆ ದಿನಗಳಲ್ಲಿ ಅದರ ಬೆಲೆ ಬೇರೆಯೇ ಇತ್ತು. ಪಂಜಾಬಿನಲ್ಲಿ ರೈಲುಗಟ್ಟಲೆ ಹೆಣಗಳು ಎರಡೂ ದಿಕ್ಕಿಗೆ ಹೋಗುತ್ತಿದ್ದವು. ಹೆಸರು ಕೇಳಿ ಕೊಲ್ಲುವ ಕಾಲ. ಬಲೂಚ್ ರೆಜಿಮೆಂಟಿನಿಂದ ಡೋಗ್ರಾ ರೆಜಿಮೆಂಟಿಗೆ ವರ್ಗವಾದ ಉಸ್ಮಾನ್ ಸಾಹೇಬರಿಗೆ ಅಮೃತಸರದಲ್ಲಿದ್ದ 77ನೆಯ ಪ್ಯಾರಾಚೂಟ್ ಬ್ರಿಗೇಡನ್ನು ವಹಿಸಲಾಯಿತು. ಅಂದರೆ ಆ ಬೆಂಕಿಯ ನಡುವೆಯೇ ಅವರ ಕೆಲಸ. ತಮ್ಮವರೆಂದು ಕರೆದವರ ಬಳಿ ಹೋಗಲಿಲ್ಲ. ಉಳಿದುಕೊಂಡ ಕಡೆ ಎಲ್ಲರೂ ತಮ್ಮವರೆಂದು ಒಪ್ಪುತ್ತಾರೆಂಬ ಖಾತರಿಯೂ ಇರಲಿಲ್ಲ. ಅವರು ತಮ್ಮ ನಿಲುವನ್ನು ಭಾಷಣ ಮಾಡಿ ವಿವರಿಸಿದವರಲ್ಲ. ಆ ತೊದಲು ನಾಲಗೆಗೆ ಭಾಷಣ ಒಗ್ಗುತ್ತಲೂ ಇರಲಿಲ್ಲವೇನೊ.

1947ರ ಅಕ್ಟೋಬರಿನಲ್ಲಿ ಕಾಶ್ಮೀರದ ಮೇಲೆ ದಾಳಿ ಆರಂಭವಾಯಿತು. ನವೆಂಬರ್ ಕೊನೆಗೆ ಮೀರ್‌ಪುರ ಬಿತ್ತು. ಡಿಸೆಂಬರಿನಲ್ಲಿ ಉಸ್ಮಾನ್ ಸಾಹೇಬರನ್ನು 50ನೆಯ ಪ್ಯಾರಾಚೂಟ್ ಬ್ರಿಗೇಡಿನ ಕಮಾಂಡರ್ ಆಗಿ ನೌಶೇರಾಕ್ಕೆ ಕಳಿಸಿದರು. ಸಾಂಗ್‌ಶಾಕ್‌ನಲ್ಲಿ ಕಾದಾಡಿದ್ದ ಅದೇ ಬ್ರಿಗೇಡ್, ಆದರೆ ಈಗ ಬಟಾಲಿಯನ್ನುಗಳು ಬೇರೆ. ಅವರು ಬಂದ ಸ್ವಲ್ಪ ದಿನಕ್ಕೇ, ಡಿಸೆಂಬರ್ ಕೊನೆಯ ವಾರದಲ್ಲಿ, ಬ್ರಿಗೇಡಿನ ಒಂದು ಮುಖ್ಯ ಠಾಣೆಯಾದ ಝಂಗಡ್ ಕೈತಪ್ಪಿತು. ಮೀರ್‌ಪುರದ ರಸ್ತೆಯೂ ಕೋಟ್ಲಿಯ ರಸ್ತೆಯೂ ಕೂಡುವ ಜಾಗ ಅದು. ಅದನ್ನು ಹಿಡಿದವರಿಗೆ ಮುಂದಿನ ಗುರಿ ನೌಶೇರಾ ಎಂಬುದು ಎಲ್ಲರಿಗೂ ತಿಳಿದಿತ್ತು.

ನವಲಗುಂದದ ಎರಿ ಸೀಮೆಯಲ್ಲಿ ಬೆಳೆದವರಿಗೆ ಆ ನೆಲವನ್ನು ಊಹಿಸುವುದು ಕಷ್ಟ. ನಮ್ಮಲ್ಲಿ ಮಾಳಿಗೆ ಹತ್ತಿದರೆ ಪಕ್ಕದ ಊರು ಕಾಣುತ್ತದೆ. ನೌಶೇರಾ ಕಣಿವೆಯಲ್ಲಿರುವ ಊರು. ಸುತ್ತಲೂ ಗುಡ್ಡಗಳು. ಯಾವ ಗುಡ್ಡದ ತಲೆಯ ಮೇಲೆ ವೈರಿ ಕೂತರೂ ಕೆಳಗಿನ ಬೀದಿಯಲ್ಲಿ ನಡೆಯುವವನು ಅವನ ಗುಂಡಿಗೆ ಸಿಗುತ್ತಾನೆ. ಆದ್ದರಿಂದ ಒಂದೊಂದು ದಿಬ್ಬದ ಮೇಲೂ ಹತ್ತು, ಇಪ್ಪತ್ತು ಜನರ ಸಣ್ಣ ಕಾವಲು ಠಾಣೆ. ಚಳಿಗಾಲದ ರಾತ್ರಿ, ಕಲ್ಲು ಪೇರಿಸಿದ ಮೊಣಕಾಲೆತ್ತರದ ಗೋಡೆ, ಮುಂದೆ ಕತ್ತಲು. ಕೆಳಗೆ ಊರಿನಲ್ಲಿ ಮೀರ್‌ಪುರ, ಕೋಟ್ಲಿ ಕಡೆಯಿಂದ ಎಲ್ಲವನ್ನೂ ಕಳೆದುಕೊಂಡು ಓಡಿಬಂದ ನಿರಾಶ್ರಿತರು. ಅವರ ಮನೆ ಸುಟ್ಟವರು, ಹೆಂಗಸರನ್ನು ಎಳೆದೊಯ್ದವರು ಧರ್ಮದ ಹೆಸರು ಹೇಳಿ ಬಂದಿದ್ದರು. ಈಗ ಅವರನ್ನು ಕಾಯಲು ಬಂದ ಸೇನಾನಿಯ ಹೆಸರು ಮುಹಮ್ಮದ್ ಉಸ್ಮಾನ್. ಅಂಥ ಹೊತ್ತಿನಲ್ಲಿ ಅನುಮಾನದ ಕಣ್ಣುಗಳು ಕೆಲವಾದರೂ ಇದ್ದಿರಲೇಬೇಕು. ಅವರು ಅದಕ್ಕೆ ಉತ್ತರ ಕೊಟ್ಟ ಬಗೆ ಹೀಗಿತ್ತು.

ಊರಿನಲ್ಲಿ ಆಹಾರ ಸಾಲುತ್ತಿರಲಿಲ್ಲ. ಸೈನಿಕರು ಪ್ರತಿ ಮಂಗಳವಾರ ಉಪವಾಸ ಇರಬೇಕು, ಆ ದಿನ ಉಳಿದ ರೇಷನ್ನನ್ನು ಜನರಿಗೆ ಹಂಚಬೇಕು ಎಂದು ಏರ್ಪಾಟು ಮಾಡಿದರು. ಬ್ರಿಗೇಡಿನಲ್ಲಿ ಒಬ್ಬರನ್ನೊಬ್ಬರು ಕಂಡಾಗ ಜೈ ಹಿಂದ್ ಎಂದು ವಂದಿಸುವ ರೂಢಿ ತಂದರು. ಝಂಗಡ್ ಮತ್ತೆ ಕೈಗೆ ಬರುವವರೆಗೆ ಮಂಚದ ಮೇಲೆ ಮಲಗುವುದಿಲ್ಲ ಎಂದು ಶಪಥ ಮಾಡಿ ನೆಲದ ಮೇಲೆ ಮಲಗತೊಡಗಿದರು. ನವಲಗುಂದದ ಜಮಖಾನದಂಥದ್ದೇನೂ ಅಲ್ಲ, ಸಾದಾ ಚಾಪೆ. ಡಿಸೆಂಬರ್, ಜನವರಿಯ ಜಮ್ಮು ಪ್ರಾಂತ್ಯದ ಚಳಿ. ಬ್ರಿಗೇಡಿಯರ್ ಆದವನಿಗೆ ಮಂಚ ಸಿಗದ ಸ್ಥಿತಿಯೇನೂ ಇರಲಿಲ್ಲ. ಆದರೆ ಗುಡ್ಡದ ಮೇಲಿನ ಜವಾನನಿಗೆ ಮಂಚವಿರಲಿಲ್ಲವಲ್ಲ!

1948ರ ಜನವರಿಯಲ್ಲಿ ಕಥೆಯೊಳಗೆ ನಮ್ಮ ನಾಡಿನವರೊಬ್ಬರು ಬರುತ್ತಾರೆ. ಕೊಡಗಿನ ಲೆಫ್ಟಿನೆಂಟ್ ಜನರಲ್ ಕೆ.ಎಂ. ಕಾರಿಯಪ್ಪ ಅವರು ಆ ತಿಂಗಳು ಪಶ್ಚಿಮ ವಲಯದ ಸೈನ್ಯದ ಮುಖ್ಯಸ್ಥರಾದರು. ನೌಶೇರಾಕ್ಕೆ ಬಂದು, ಠಾಣೆಗಳನ್ನು ನೋಡಿ, ಹೊರಡುವಾಗ ಉಸ್ಮಾನ್ ಸಾಹೇಬರ ಬಳಿ ಒಂದು ಉಡುಗೊರೆ ಕೇಳಿದರು. ನೌಶೇರಾದ ಈಶಾನ್ಯಕ್ಕೆ ಸುಮಾರು 9 ಕಿಲೋಮೀಟರ್ ದೂರದಲ್ಲಿ ಎತ್ತರದ ಕೋಟ್ ಎಂಬ ಜಾಗದಲ್ಲಿ ದಾಳಿಕೋರರು ಕೂತಿದ್ದರು. ಅಲ್ಲಿಂದ ನೌಶೇರಾ ಅಂಗೈಯಂತೆ ಕಾಣುತ್ತಿತ್ತು. ಆ ಕೋಟ್ ತಮಗೆ ಬೇಕು ಎಂದರು ಕಾರಿಯಪ್ಪ. ಕೆಲವೇ ದಿನಗಳಲ್ಲಿ ಕೊಡುವುದಾಗಿ ಉಸ್ಮಾನ್ ಒಪ್ಪಿಕೊಂಡರು. ಕಾರ್ಯಾಚರಣೆಗೆ ಇಟ್ಟ ಹೆಸರು ಕಿಪ್ಪರ್. ಅದು ಸೈನ್ಯದಲ್ಲಿ ಕಾರಿಯಪ್ಪನವರ ಅಡ್ಡಹೆಸರು.

ಫೆಬ್ರವರಿ 1ರ ನಸುಕಿನ ದಾಳಿ. ಬಲಗಡೆಯಿಂದ ಮರಾಠಾ ಪ್ಯಾರಾಚೂಟ್ ಬಟಾಲಿಯನ್ನು, ಎಡಗಡೆಯಿಂದ ಪಂಜಾಬ್ ಬಟಾಲಿಯನ್ನು. ರಾತ್ರಿಯೆಲ್ಲ ಸದ್ದಿಲ್ಲದೆ ಗುಡ್ಡ ಹತ್ತಿದರು. ಬೆಳಿಗ್ಗೆ ಏಳರ ಹೊತ್ತಿಗೆ ಕೋಟ್ ಕೈಸೇರಿತೆಂದು ಪಂಜಾಬಿನವರು ಸುದ್ದಿ ಕಳಿಸಿದರು. ಆದರೆ ಗಡಿಬಿಡಿಯಲ್ಲಿ ಒಂದು ತಪ್ಪಾಗಿತ್ತು. ಹಳ್ಳಿಯ ಮನೆಗಳನ್ನು ಒಂದೊಂದಾಗಿ ಶೋಧಿಸದೆ ಮುಂದೆ ಹೋಗಿದ್ದರು. ಮನೆಗಳೊಳಗೆ ಮಲಗಿದ್ದ ದಾಳಿಕೋರರು ಎದ್ದು ಬೆನ್ನ ಹಿಂದಿನಿಂದ ಗುಂಡು ಹಾರಿಸಿದರು. ಅರ್ಧ ಗಂಟೆಯಲ್ಲಿ ಕೋಟ್ ಕೈತಪ್ಪಿತು. ಉಸ್ಮಾನ್ ಸಾಹೇಬರು ಮುಂಜಾಗ್ರತೆಯಿಂದ ಎರಡು ಕಂಪನಿಗಳನ್ನು ಹಿಂದೆ ಕಾದಿರಿಸಿದ್ದರು. ಅವರನ್ನು ಕೂಡಲೇ ಮೇಲೆ ಕಳಿಸಿದರು. ಹತ್ತು ಗಂಟೆಗೆ ಕೋಟ್ ಮತ್ತೆ ಕೈಗೆ ಬಂತು. ಕಾರಿಯಪ್ಪನವರಿಗೆ ಉಡುಗೊರೆ ಸಂದಿತು.

ಕೋಟ್ ಹೋದ ಸಿಟ್ಟು ಐದು ದಿನಕ್ಕೆ ನೌಶೇರಾದ ಮೇಲೆ ಬಿತ್ತು. ಫೆಬ್ರವರಿ 6ರ ಬೆಳಗಿನ ಮಂಜಿನಲ್ಲಿ ಸುಮಾರು 11 ಸಾವಿರ ಜನ ಬೇರೆ ಬೇರೆ ದಿಕ್ಕಿನಿಂದ ಏರಿಬಂದರು. ತೈನ್ ಧಾರ್ ಎಂಬ ಏಣಿನ ಮೇಲೆ ಅತಿ ಹೆಚ್ಚು ಒತ್ತಡ. ಅಲ್ಲಿಯ ಎರಡನೆಯ ಠಾಣೆಯಲ್ಲಿ ರಜಪೂತ ಬಟಾಲಿಯನ್ನಿನ 27 ಜನರಿದ್ದರು. ಒಂದಾದ ಮೇಲೊಂದು ಅಲೆ. ಗುಂಡು ಮುಗಿದ ಕಡೆ ಬಯೊನೆಟ್ಟು, ಕೈಕೈ ಮಿಲಾಯಿಸಿ ಹೊಡೆದಾಟ. 27ರಲ್ಲಿ 24 ಜನ ಸತ್ತರು ಇಲ್ಲವೆ ತೀವ್ರವಾಗಿ ಗಾಯಗೊಂಡರು. ಅವರಲ್ಲಿ ನಾಯಕ್ ಜದುನಾಥ ಸಿಂಗ್ ಒಬ್ಬರು. ಒಂಬತ್ತು ಜನರ ತುಕಡಿಯನ್ನು ನಡೆಸಿದ ಅವರು, ಜೊತೆಯವರೆಲ್ಲ ಬಿದ್ದಮೇಲೂ ಗಾಯಗೊಂಡ ಮೈಯಲ್ಲೇ ಠಾಣೆಯಿಂದ ಹೊರಗೆ ನುಗ್ಗಿ ಒಬ್ಬರೇ ಮೂರನೆಯ ಅಲೆಯನ್ನು ಹಿಮ್ಮೆಟ್ಟಿಸಿ ಗುಂಡೇಟಿಗೆ ಬಿದ್ದರು. ಅವರಿಗೆ ಮರಣೋತ್ತರ ಪರಮವೀರ ಚಕ್ರ ಬಂತು. ಠಾಣೆ ಇನ್ನೇನು ಹೋಯಿತು ಎನ್ನುವಾಗ ಉಸ್ಮಾನ್ ಸಾಹೇಬರು ಕಳಿಸಿದ ಪ್ಯಾರಾಚೂಟ್ ರಜಪೂತ ಬಟಾಲಿಯನ್ನಿನ ಕಂಪನಿ ಬಂದು ಸೇರಿಕೊಂಡಿತು.

ಈ ದಿನದ ಇನ್ನೊಬ್ಬನನ್ನು ನಾನು ಬಿಡಲಾರೆ. ರಜಪೂತ ಬಟಾಲಿಯನ್ನಿನ ಕಸಗುಡಿಸುವವ. ಯುದ್ಧ ಮಾಡುವುದು ಅವನ ಕೆಲಸವಲ್ಲ, ಸೈನಿಕನೆಂದು ಅವನನ್ನು ಎಣಿಸುವವರೂ ಇರಲಿಲ್ಲ. ಗಾಯಗೊಂಡವನ ಬಂದೂಕು ಎತ್ತಿಕೊಂಡು ಗುಂಡು ಹಾರಿಸಿದ. ಆಮೇಲೆ ದಾಳಿಕೋರನೊಬ್ಬನ ಕೈಯಿಂದ ಕತ್ತಿ ಕಿತ್ತುಕೊಂಡು ಮೂವರನ್ನು ಉರುಳಿಸಿದ. ಉಸ್ಮಾನ್ ಸಾಹೇಬರು ಆ ದಿನದ ವರದಿಯಲ್ಲಿ ಅವನ ಸಾಹಸವನ್ನು ಮರೆಯಲಿಲ್ಲ.

ಸಂಜೆಯ ಹೊತ್ತಿಗೆ ದಾಳಿ ಮುರಿದಿತ್ತು. ನಮ್ಮ ಕಡೆ 33 ಜನ ಮಡಿದರು, 102 ಜನ ಗಾಯಗೊಂಡರು. ದಾಳಿಕೋರರ ಕಡೆ ಸತ್ತವರು, ಗಾಯಗೊಂಡವರು ಸೇರಿ ಎರಡು ಸಾವಿರ ಎಂದು ಬರೆದಿದ್ದಾರೆ. ವೈರಿಯ ಹೆಣಗಳನ್ನು ಎಣಿಸುವಾಗ ಯಾವ ಸೈನ್ಯದ ಲೆಕ್ಕವೂ ಸ್ವಲ್ಪ ಉದಾರವಾಗಿರುತ್ತದೆ, ಅದನ್ನು ನೀವೂ ಹಾಗೇ ತೆಗೆದುಕೊಳ್ಳಿ. ಆದರೆ ಆ ಯುದ್ಧದ ಅತಿ ದೊಡ್ಡ ಕಾಳಗಗಳಲ್ಲಿ ಇದು ಒಂದು ಎಂಬುದರಲ್ಲಿ ಭಿನ್ನಾಭಿಪ್ರಾಯವಿಲ್ಲ. ಅಂದಿನಿಂದ ಅವರು ನೌಶೇರಾದ ಸಿಂಹ ಎನಿಸಿಕೊಂಡರು. ಅವರ ತಲೆಗೆ ಆ ಕಡೆಯವರು 50,000 ರೂಪಾಯಿ ಬಹುಮಾನ ಕಟ್ಟಿದರು. ಅವರ ಬಗ್ಗೆ ಬರೆಯುವವರೆಲ್ಲ ಈ ಐವತ್ತು ಸಾವಿರವನ್ನು ದೊಡ್ಡದಾಗಿ ಹೇಳುತ್ತಾರೆ. ನನಗೇನೋ ಮಂಗಳವಾರದ ಉಪವಾಸವೇ ದೊಡ್ಡದೆನಿಸುತ್ತದೆ.

ಬಾಲಕ ಸೇನೆಯ ಸಂಗತಿಯೂ ಹಾಗೆಯೇ. ನೌಶೇರಾದಲ್ಲಿ ತಂದೆತಾಯಿಯನ್ನು ಕಳೆದುಕೊಂಡ ಆರರಿಂದ ಹನ್ನೆರಡು ವರ್ಷದ ಹುಡುಗರು ಬೀದಿಯಲ್ಲಿ ಅಲೆಯುತ್ತಿದ್ದರು. ಉಸ್ಮಾನ್ ಸಾಹೇಬರು ಅವರನ್ನು ಕೂಡಿಸಿ, ಊಟ ಹಾಕಿಸಿ, ಓದುಬರಹಕ್ಕೂ ಕವಾಯತಿಗೂ ಏರ್ಪಾಟು ಮಾಡಿದರು. ಆ ಪಡೆಗೆ ಬಾಲಕ ಸೇನೆ ಎಂದು ಹೆಸರು. ಯುದ್ಧದ ಹೊತ್ತಿನಲ್ಲಿ ಆ ಮಕ್ಕಳು ಗುಂಡಿನ ಮಳೆಯಲ್ಲಿ ಸಂದೇಶ ಒಯ್ದರು, ಠಾಣೆಗಳಿಗೆ ಮದ್ದುಗುಂಡು ಮುಟ್ಟಿಸಿದರು. ಮುಂದೆ ಅವರಲ್ಲಿ ಕೆಲವರಿಗೆ ಪ್ರಧಾನಿ ನೆಹರೂ ಅವರು ಚಿನ್ನದ ಗಡಿಯಾರ ಕೊಟ್ಟು ಗೌರವಿಸಿದರು. ಅಷ್ಟು ಸಣ್ಣ ಮಕ್ಕಳನ್ನು ಗುಂಡಿನ ನಡುವೆ ಕಳಿಸಬಹುದಿತ್ತೇ ಎಂದು ಇಂದು ಕೇಳಿದರೆ, ಕೇಳಬೇಕಾದ ಪ್ರಶ್ನೆಯೇ ಅದು. ಊರು ಬಿದ್ದರೆ ಆ ಮಕ್ಕಳೂ ಉಳಿಯುತ್ತಿರಲಿಲ್ಲ ಎಂಬುದನ್ನೂ ಅದರ ಜೊತೆಗೆ ಇಟ್ಟು ನೋಡಬೇಕಾಗುತ್ತದೆ.

ಇನ್ನು ಉಳಿದದ್ದು ಝಂಗಡ್. ಮಾರ್ಚ್ ತಿಂಗಳಲ್ಲಿ ಎರಡು ಬ್ರಿಗೇಡುಗಳು ಹೊರಟವು. ಬಲಕ್ಕೆ 19ನೆಯ ಬ್ರಿಗೇಡ್, ಎಡಕ್ಕೆ ಉಸ್ಮಾನರ 50ನೆಯ ಪ್ಯಾರಾಚೂಟ್ ಬ್ರಿಗೇಡ್. ಕಾರ್ಯಾಚರಣೆಗೆ ವಿಜಯ್ ಎಂದು ಹೆಸರು. ಹೊರಡುವ ಮುಂಚೆ ತಮ್ಮ ಜವಾನರಿಗೆ ಒಂದು ಆದೇಶಪತ್ರ ಹೊರಡಿಸಿದರು. ಹೋದವರ ನೆನಪನ್ನು ಉಳಿಸುವುದು ಬದುಕಿರುವವರ ಹೊಣೆ, ದೇಶದ ಕಣ್ಣು ನಮ್ಮ ಮೇಲಿದೆ ಎಂಬುದು ಅದರ ತಿರುಳು. ಜೋರು ಮಳೆಯಿಂದ ದಾರಿಗಳು ಕೆಸರಾಗಿ ಮುನ್ನಡೆ ತಡವಾಯಿತು. ಮಳೆ ಬಿದ್ದ ಮೇಲೆ ಎರಿ ಹೊಲದಲ್ಲಿ ನಡೆದವರಿಗೆ ಕಾಲಿಗೆ ಮಣ್ಣು ಮೆತ್ತುವುದೆಂದರೇನೆಂದು ಹೇಳಬೇಕಿಲ್ಲ. ಅದರ ಜೊತೆಗೆ ಹೆಗಲ ಮೇಲೆ ಬಂದೂಕು, ಮದ್ದುಗುಂಡು, ಎದುರಿಗೆ ಕಡಿದಾದ ಏರು, ಮೇಲಿನಿಂದ ಮಷಿನ್‌ಗನ್. ಪೀರ್ ಥಿಲ್ ನಕ್ಕಾ ಎಂಬ ಗುಡ್ಡದ ಮೇಲೆ ವೈರಿ ಬಲವಾಗಿ ನೆಲೆಯೂರಿದ್ದ. ಬ್ರಿಗೇಡ್ ಅದನ್ನು ಮಾರ್ಚ್ 17ರಂದು ಗೆದ್ದುಕೊಂಡಿತು. ಮಾರ್ಚ್ 18ರಂದು ಝಂಗಡ್ ಮತ್ತೆ ಭಾರತದ ಕೈಸೇರಿತು.

ಅಂದು ರಾತ್ರಿ ಬ್ರಿಗೇಡಿಯರ್ ಸಾಹೇಬರಿಗೆ ಮಂಚ ಬೇಕಾಯಿತು. ಸೈನ್ಯದ ಸಾಮಾನಿನಲ್ಲಿ ಮಂಚವೇ ಇರಲಿಲ್ಲ! ಹತ್ತಿರದ ಹಳ್ಳಿಯ ಮನೆಯೊಂದರಿಂದ ಹಗ್ಗದ ಮಂಚ ಎರವಲು ತಂದರು. ನಮ್ಮ ಕಡೆ ಹೊರಸು ಎನ್ನುತ್ತೇವಲ್ಲ, ಅಂಥದ್ದೇ. ಸುಮಾರು ಮೂರು ತಿಂಗಳ ನಂತರ ಉಸ್ಮಾನ್ ಸಾಹೇಬರು ಅದರ ಮೇಲೆ ಮೈಚಾಚಿದರು.

ಮೇ ತಿಂಗಳಿಂದ ಯುದ್ಧದ ಮುಖ ಬದಲಾಯಿತು. ಪಾಕಿಸ್ತಾನದ ಸೈನ್ಯವೇ ನೇರವಾಗಿ ರಂಗಕ್ಕಿಳಿದು ದೊಡ್ಡ ತೋಪುಗಳನ್ನು ತಂದಿತು. ಝಂಗಡ್ ಮೇಲೆ ಗುಂಡುಗಳ ಮಳೆ ದಿನಚರಿಯಾಯಿತು. ಜುಲೈ 3ರ ಸಂಜೆ ಉಸ್ಮಾನ್ ಸಾಹೇಬರು ಎಂದಿನಂತೆ ಅಧಿಕಾರಿಗಳ ಸಭೆ ನಡೆಸಿದರು. ಸಭೆ ಅಂದು ಬೇಗ ಮುಗಿಯಿತು. ಸ್ವಲ್ಪ ಹೊತ್ತಿಗೆ ಗುಂಡುಗಳು ಬೀಳತೊಡಗಿದವು. ಜೊತೆಯವರು ಒಂದು ಬಂಡೆಯ ಮರೆಗೆ ಸರಿದರು. ಯಾವ ದಿಬ್ಬದಿಂದ ವೈರಿಯ ತೋಪುಗಳಿಗೆ ಗುರಿ ತೋರಿಸುತ್ತಿದ್ದಾರೆಂದು ಕಂಡುಕೊಂಡು ಅತ್ತ ಗುಂಡು ಹಾರಿಸಲು ಹೇಳುತ್ತ, ಉಸ್ಮಾನ್ ಸಾಹೇಬರು ಬಯಲಿನಲ್ಲಿದ್ದರು. 25 ಪೌಂಡಿನ ತೋಪಿನ ಗುಂಡೊಂದು ಅವರ ಹತ್ತಿರವೇ ಬಿದ್ದು ಸಿಡಿಯಿತು. ಮೂವತ್ತಾರನೆಯ ಹುಟ್ಟುಹಬ್ಬಕ್ಕೆ ಇನ್ನು ಹನ್ನೆರಡು ದಿನ ಉಳಿದಿತ್ತು. 1947–48ರ ಆ ಯುದ್ಧದಲ್ಲಿ ರಣರಂಗದಲ್ಲೇ ಪ್ರಾಣ ಕೊಟ್ಟ ಅತಿ ಹಿರಿಯ ಭಾರತೀಯ ಅಧಿಕಾರಿ ಅವರೇ.

ಪಾರ್ಥಿವ ಶರೀರವನ್ನು ದಿಲ್ಲಿಗೆ ತಂದರು. ಸಕಲ ಸರಕಾರಿ ಗೌರವಗಳೊಂದಿಗೆ ದಫನ್ ನಡೆಯಿತು. ಗವರ್ನರ್ ಜನರಲ್ ರಾಜಗೋಪಾಲಾಚಾರಿ, ಪ್ರಧಾನಿ ನೆಹರೂ ಮತ್ತು ಅವರ ಸಂಪುಟದವರು ಬಂದಿದ್ದರು. ಜಾಮಿಯಾ ಮಿಲ್ಲಿಯಾ ಇಸ್ಲಾಮಿಯಾದ ಆವರಣ ಅವರ ಕೊನೆಯ ನೆಲೆಯಾಯಿತು. ಸರಕಾರ ಮರಣೋತ್ತರವಾಗಿ ಮಹಾವೀರ ಚಕ್ರ ನೀಡಿತು. ಲೇಖಕ ಖ್ವಾಜಾ ಅಹಮದ್ ಅಬ್ಬಾಸ್ ಅವರ ಬಗ್ಗೆ ಮನಮುಟ್ಟುವಂತೆ ಬರೆದರು.

ಉಸ್ಮಾನ್ ಸಾಹೇಬರು ಮದುವೆಯಾಗಿರಲಿಲ್ಲ. ಮದ್ಯ ಮುಟ್ಟುತ್ತಿರಲಿಲ್ಲ, ಕೊನೆಯ ವರ್ಷಗಳಲ್ಲಿ ಮಾಂಸವನ್ನೂ ಬಿಟ್ಟಿದ್ದರು. ಸಂಬಳದ ದೊಡ್ಡ ಪಾಲು ಬಡ ಮಕ್ಕಳ ಹೊಟ್ಟೆಗೆ ಮತ್ತು ಓದಿಗೆ ಹೋಗುತ್ತಿತ್ತು. ಶಾಲೆಯ ಫೀ ಕಟ್ಟಲಾಗದೆ ಮಗನನ್ನು ಬಿಡಿಸಿ ಗ್ಯಾರೇಜಿಗೆ ಹಾಕುವ ತಂದೆಯನ್ನು ಕಂಡಾಗೆಲ್ಲ ನನಗೆ ಈ ಮಾತು ನೆನಪಾಗುತ್ತದೆ. ಅವರ ತಮ್ಮ ಗುಫ್ರಾನ್ ಕೂಡ ಭಾರತೀಯ ಸೈನ್ಯದಲ್ಲೇ ಉಳಿದು ಬ್ರಿಗೇಡಿಯರ್ ಆದರು.

ಅವರ ಪಡೆ ಏನಾಯಿತೆಂದು ನೀವು ಕೇಳಬಹುದು. 1949ರ ಜನವರಿ 1ರಂದು ಕದನವಿರಾಮವಾಯಿತು. ಝಂಗಡ್, ನೌಶೇರಾ ಎರಡೂ ಭಾರತದಲ್ಲೇ ಉಳಿದವು. ಈಗ ಅವು ರಜೌರಿ ಜಿಲ್ಲೆಗೆ ಸೇರಿವೆ. 1952ರ ಏಪ್ರಿಲ್ 15ರಂದು ಪ್ಯಾರಾಚೂಟ್ ರೆಜಿಮೆಂಟ್ ಮತ್ತೆ ಕಟ್ಟಲ್ಪಟ್ಟಿತು. ಪಂಜಾಬ್, ಮರಾಠಾ, ಕುಮಾವೂಂ ದಳಗಳ ಮೂರು ಬಟಾಲಿಯನ್ನುಗಳು ಅದರ ಮೊದಲ ಮೂರಾದವು. ನಮ್ಮ ಬೆಳಗಾವಿಯ ಮೂರನೆಯ ಮರಾಠಾ ಎರಡನೆಯ ಪ್ಯಾರಾ ಆಯಿತು. 1971ರ ಡಿಸೆಂಬರ್ 11ರಂದು ಢಾಕಾದ ಉತ್ತರಕ್ಕಿರುವ ಟಾಂಗೈಲ್‌ನಲ್ಲಿ ವಿಮಾನಗಳಿಂದ ಜಿಗಿದದ್ದು ಇದೇ ಬಟಾಲಿಯನ್ನು. ಸಾಂಗ್‌ಶಾಕ್‌ನಲ್ಲೂ ನೌಶೇರಾದಲ್ಲೂ ಕಾಲ್ನಡಿಗೆಯಲ್ಲೇ ಕಾದಾಡಿದ ಬ್ರಿಗೇಡಿನವರು ಕೊನೆಗೂ ತಾವು ಕಲಿತ ವಿದ್ಯೆಯನ್ನು ಯುದ್ಧದಲ್ಲಿ ತೋರಿಸಿದರು. ಪ್ಯಾರಾಚೂಟ್ ರೆಜಿಮೆಂಟಿನ ತರಬೇತಿ ಕೇಂದ್ರ ಈಗ ಬೆಂಗಳೂರಿನಲ್ಲಿದೆ.

ನೀವು ಯಾವತ್ತಾದರೂ ದಿಲ್ಲಿಗೆ ಹೋದರೆ ಓಖ್ಲಾ ಕಡೆಯ ಜಾಮಿಯಾ ಕಬರಸ್ತಾನಕ್ಕೆ ಹೋಗಿ ಬನ್ನಿ. ಪ್ರತಿ ಜುಲೈ 3ರಂದು ಸೈನ್ಯದವರು ಅಲ್ಲಿ ಹೂಚಕ್ರ ಇಟ್ಟು ಗೌರವ ಸಲ್ಲಿಸುತ್ತಾರೆ. 2020ರ ಡಿಸೆಂಬರಿನಲ್ಲಿ ಅವರ ಗೋರಿಯ ಕಲ್ಲು ಒಡೆದುಹೋಗಿರುವುದು ಕಂಡುಬಂತು. ಪತ್ರಿಕೆಗಳಲ್ಲಿ ಚಿತ್ರ ನೋಡಿದವರಿಗೆಲ್ಲ ಸಂಕಟವಾಯಿತು. ಸೈನ್ಯ ಮುಂದೆ ಬಂದು ಅದನ್ನು ಸರಿಪಡಿಸಿತು. 2025ರಲ್ಲಿ ಎನ್‌ಸಿಇಆರ್‌ಟಿ ಪಠ್ಯಪುಸ್ತಕದಲ್ಲಿ ಅವರ ಮೇಲೆ ಒಂದು ಪಾಠವೂ ಸೇರಿತು. ನಮ್ಮ ಮಕ್ಕಳು ಆ ಪಾಠ ಓದುವಾಗ ಪಕ್ಕದಲ್ಲಿ ಒಂದು ನಕಾಶೆ ಇಟ್ಟುಕೊಂಡು ನೌಶೇರಾ, ಝಂಗಡ್, ಮೀರ್‌ಪುರ, ಕೋಟ್ಲಿ ಎಲ್ಲಿವೆ ಎಂದು ಅವರಿಂದಲೇ ಹುಡುಕಿಸಿ. ಕೋಟ್ ಎಂಬ ಗುಡ್ಡದ ಹಳ್ಳಿ ಎಲ್ಲ ನಕಾಶೆಗಳಲ್ಲೂ ಸಿಗುವುದಿಲ್ಲ, ಅದು ನೌಶೇರಾದ ಈಶಾನ್ಯಕ್ಕಿದೆ.